ಗುರುವಾರದ ವಾಕ್ಯ

ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ, ಸಭೆಯಲ್ಲಿ, ಬೀದಿಯ ಕೊನೆಯ ಟೀ ಅಂಗಡಿಯಲ್ಲಿ, ಎಲ್ಲ ಕಡೆ ಅವಳು ವಾಕ್ಯದಕ್ಕ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಸಭೆಯ ಫೋನ್ ಗ್ರೂಪಿನಲ್ಲಿ ಅವಳ ದನಿ ಬರುತ್ತಿತ್ತು. ಬೈಬಲಿನಿಂದ ಒಂದು ವಾಕ್ಯ, ಅದರ ಬೆನ್ನಿಗೇ ಅವಳದೇ ನಾಲ್ಕು ಮಾತು, ಒಂದು ನಗು, ಕೊನೆಗೆ "ಹೋಗ್ಬನ್ನಿ, ಕರ್ತ ಜೊತೆಗಿದ್ದಾನೆ." ಎರಡು ನಿಮಿಷದ ಮಾತು, ಅಷ್ಟೇ. ಪಾಸ್ಟರು ಭಾನುವಾರ ಮುಕ್ಕಾಲು ಗಂಟೆ ಹೇಳಿದ್ದು ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ ಮರೆತು ಹೋಗುತ್ತದೆ, ಅಕ್ಕ ಹೇಳಿದ್ದು ಸಾಯಂಕಾಲದ ತನಕ ಕಿವಿಯಲ್ಲಿರುತ್ತದೆ ಅಂತ ಜನ ಆಡಿಕೊಳ್ಳುತ್ತಿದ್ದರು. ಪಾಸ್ಟರು ಒಳ್ಳೆಯವರು. ಈ ಮಾತು ಅವರ ಕಿವಿಗೆ ಬಿದ್ದಾಗ ಅವರೇ ಮೊದಲು ನಕ್ಕರು.

ಅವಳಿಗೆ ದೊಡ್ಡ ಬೋಧನೆ ಮಾಡಲು ಬರುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅನ್ನುವ ವಾಕ್ಯ ತೆಗೆದುಕೊಂಡ ದಿನ ಅವಳು ಹೇಳಿದ್ದು ಇಷ್ಟು: "ವಾರ್ಡಿನೋರು ಕೊಳೆ ಬಟ್ಟೆ ಗಂಟನ್ನ ತಂದು ನಮ್ಮ ಮುಂದೆ ಧೊಪ್ ಅಂತ ಎಸೆದು ಹೋಗ್ತಾರೆ. ಒಬ್ಬರಾದ್ರೂ ತಿರುಗಿ ಬಂದು, ನಮ್ಮ ಗಂಟು ಏನಾಯ್ತಮ್ಮ ಅಂತ ಕೇಳಿದ್ದಿಲ್ಲ. ನೀವು ನೋಡಿದ್ರೆ ದೇವರ ಮುಂದೆ ಗಂಟು ಇಟ್ಟು, ಐದು ನಿಮಿಷಕ್ಕೊಂದ್ಸಲ ಹೋಗಿ ಬಿಚ್ಚಿ ನೋಡ್ತೀರ. ನಾಚಿಕೆ ಆಗಲ್ವಾ?" ಅಂತ ಹೇಳಿ ಕಿಲಕಿಲ ನಕ್ಕಳು. ಬೇಕರಿಯ ಒಲೆಯ ಮುಂದೆ ನಿಂತವನು, ಪಾಳಿ ಮುಗಿಸಿ ಕಣ್ಣುಜ್ಜುವ ಬ್ಯಾಂಕಿನ ಕಾವಲುಗಾರ, ಸಭೆಯ ಮೆಟ್ಟಿಲು ಯಾವತ್ತೂ ಹತ್ತದ ಟೈಲರು, ಎಲ್ಲರ ಫೋನಿನಲ್ಲೂ ಆ ನಗು ಕೇಳಿಸುತ್ತಿತ್ತು. ಯಾರೋ ಇನ್ಯಾರಿಗೋ ಕಳಿಸಿ, ಅವರು ಮತ್ಯಾರಿಗೋ ಕಳಿಸಿ, ಅದು ಎಲ್ಲೆಲ್ಲಿ ಹೋಗುತ್ತಿತ್ತು ಅಂತ ಅವಳಿಗೇ ಗೊತ್ತಿರಲಿಲ್ಲ.

ಇದು ಶುರುವಾದದ್ದು ಗಂಡ ಸತ್ತ ವರ್ಷ. ಅವನು ಅದೇ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದ. ಕಂಡವರನ್ನೆಲ್ಲ ಹೊತ್ತುಕೊಂಡು ಹೋಗಿ ಬದುಕಿಸಿದ ಮಹಾರಾಯ ತನ್ನ ಎದೆನೋವನ್ನು ಮಾತ್ರ ಗ್ಯಾಸು ಅಂದುಕೊಂಡು ಮಲಗಿದ, ಏಳಲಿಲ್ಲ. ಮಗಳು ಆಗಿನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ಅಕ್ಕನಿಗೆ ಹಾಸಿಗೆ ಬಿಟ್ಟು ಏಳುವ ಮನಸ್ಸೇ ಇರಲಿಲ್ಲ. ಸಭೆಯ ಒಬ್ಬ ಅಜ್ಜಿ ದಿನಾ ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು ಒಂದು ವಾಕ್ಯ ಹೇಳಿ, ಒಳಗೂ ಬಾರದೆ, ಟೀಯನ್ನೂ ಕುಡಿಯದೆ ಹೊರಟುಬಿಡುತ್ತಿದ್ದಳು. ಮೊದಲು ಅಕ್ಕನಿಗೆ ಸಿಟ್ಟು ಬಂತು. ಆಮೇಲೆ ಅಜ್ಜಿಯ ಚಪ್ಪಲಿ ಸದ್ದಿಗೆ ಕಾಯುವುದು ಅಭ್ಯಾಸವಾಯಿತು, ಕಾಯುವುದಕ್ಕೋಸ್ಕರ ಎದ್ದು ಮುಖ ತೊಳೆಯುವುದು ಅಭ್ಯಾಸವಾಯಿತು, ಮುಖ ತೊಳೆದ ಮೇಲೆ ಕೆಲಸಕ್ಕೆ ಹೋಗದೆ ಇನ್ನೇನು ಮಾಡುವುದು. ಅಜ್ಜಿಯ ಮಂಡಿ ಕೈಕೊಟ್ಟಾಗ ಆ ಕೆಲಸವನ್ನು ಅಕ್ಕ ಕೈಗೆತ್ತಿಕೊಂಡಳು. ಮನೆಮನೆಗೆ ನಡೆಯಲು ಪುರುಸೊತ್ತಿಲ್ಲದ ಕಾರಣ ಫೋನು.

ಮೊದಮೊದಲು ಅವಳು ರೆಕಾರ್ಡ್ ಮಾಡಿದ್ದನ್ನು ಮಗಳು ಕೇಳಿ ಪಾಸು ಮಾಡಬೇಕಿತ್ತು. "ಅಮ್ಮ, ಇದ್ರಲ್ಲಿ ಉಪದೇಶ ಜಾಸ್ತಿ ಆಯ್ತು, ಸ್ವಲ್ಪ ನೀರು ಬೆರೆಸು" ಅನ್ನುವಳು. ಇಲ್ಲವೇ "ಈ ನಗು ಸುಳ್ಳು, ಮತ್ತೆ ನಗು" ಅನ್ನುವಳು. ಅಕ್ಕನಿಗೆ ಬಾಯಿ ಮುಚ್ಚು ಅಂತ ಹೇಳುವ ಧೈರ್ಯ ಇದ್ದದ್ದು ಪ್ರಪಂಚದಲ್ಲಿ ಆ ಒಬ್ಬಳಿಗೇ. ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಹೊದಿಕೆಯಡಿ ಮಲಗಿ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಬದುಕಿದವರು. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಸ್ಕೂಲ್ ವ್ಯಾನ್ ಓಡಿಸುವ ಒಳ್ಳೆಯ ಹುಡುಗನೊಬ್ಬ ಸಿಕ್ಕಿದ, ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು. ಪಾಸು ಮಾಡುವವರಿಲ್ಲದ ಮೇಲೆ ಅಕ್ಕ ತನ್ನ ಮಾತಿಗೆ ತಾನೇ ಪಾಸು ಕೊಟ್ಟುಕೊಳ್ಳತೊಡಗಿದಳು.

ಅವಳ ಪಾಳಿ ಐದೂವರೆಗೆ ಶುರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಲಾಂಡ್ರಿ. ಒಳಗೆ ಕಾಲಿಟ್ಟರೆ ಬ್ಲೀಚಿನ ವಾಸನೆ, ಬಾಯ್ಲರಿನ ಹಬೆ, ದೊಡ್ಡ ಡ್ರಮ್ಮುಗಳು ತಿರುಗುವ ಗಡಗಡ. ರಕ್ತದ ಬಟ್ಟೆಗೆ ಮೊದಲು ತಣ್ಣೀರು, ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ. ಒಗೆದ ಹಾಸುಬಟ್ಟೆಯನ್ನು ಇಬ್ಬರು ಈ ಕಡೆಯಿಂದ ಬಿಸಿ ರೋಲರಿಗೆ ಕೊಟ್ಟರೆ, ಇನ್ನಿಬ್ಬರು ಆ ಕಡೆ ಹಿಡಿದು ಮಡಿಸಬೇಕು. ಅಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಇನ್ನು ವಾಕ್ಯ ಹೇಳುವುದೆಲ್ಲಿ ಬಂತು. ಹಾಗಾಗಿ ಅವಳು ಶನಿವಾರ ಪಾಳಿ ಮುಗಿಸಿ, ಮಡಿಸಿದ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನೆಲದಿಂದ ಸೂರಿನವರೆಗೆ ಹಾಸುಬಟ್ಟೆಗಳು. ಹೊರಗಿನ ಸದ್ದನ್ನೆಲ್ಲ ಬಟ್ಟೆ ನುಂಗಿಬಿಡುತ್ತದೆ. ಅಲ್ಲಿ ಕೂತು ಮುಂದಿನ ಇಡೀ ವಾರದ ವಾಕ್ಯಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಿ, ಸೋಮವಾರದ್ದು, ಮಂಗಳವಾರದ್ದು ಅಂತ ಸಾಲಾಗಿ ಪಾಸ್ಟರ ಹೆಂಡತಿ ಪಾಸ್ಟರಮ್ಮನ ಫೋನಿಗೆ ಕಳಿಸುತ್ತಿದ್ದಳು. ಪಾಸ್ಟರಮ್ಮ ದಿನಾ ಆರಕ್ಕೆ ಒಂದೊಂದನ್ನೇ ಗ್ರೂಪಿಗೆ ಬಿಡುವುದು. ಕೋಳಿ ಕೂಗುವುದು ತಪ್ಪಿದರೂ ಪಾಸ್ಟರಮ್ಮನ ಬೆರಳು ತಪ್ಪದು. ಕಳಿಸುವ ಮೊದಲು ಅವರು ಕೇಳುತ್ತಿರಲಿಲ್ಲ. ಎಲ್ಲರ ಜೊತೆ ಹೊಸದಾಗಿ ಕೇಳಿದರೇ ಸಂತೋಷ ಅನ್ನುವರು.

ಮದುವೆಯಾಗಿ ಎಷ್ಟೋ ವರ್ಷ ಮಗಳಿಗೆ ಮಕ್ಕಳಾಗಲಿಲ್ಲ. ಊರಿಗೆಲ್ಲ ಧೈರ್ಯ ಹೇಳುವವಳು ಈ ಒಂದು ವಿಷಯ ಗ್ರೂಪಿನಲ್ಲಿ ಎತ್ತಿದವಳಲ್ಲ. ಮಗಳು ಬಸುರಿ ಅಂತ ತಿಳಿದಾಗಲೂ ಬಾಯಿಬಿಡಲಿಲ್ಲ, ಕಣ್ಣು ಬೀಳುತ್ತದೆ ಅನ್ನುವ ಹೆದರಿಕೆ. ಅವಳ ದೇವರಿಗೆ ಇಂಥ ಹೆದರಿಕೆ ಹಿಡಿಸುವುದಿಲ್ಲ ಅಂತ ಅವಳಿಗೂ ಗೊತ್ತು, ಆದರೂ ಹೆದರಿಕೆ ಹೆದರಿಕೆಯೇ. ತಿಂಗಳು ತುಂಬಿತು. ಡಾಕ್ಟರು ಇನ್ನು ಒಂದು ವಾರ ಅಂದರು. ಆ ಶನಿವಾರ ಬಟ್ಟೆ ಕೋಣೆಯಲ್ಲಿ ಕೂತಾಗ ಅವಳಿಗೆ ತಡೆಯಲಾಗಲಿಲ್ಲ. ಗುರುವಾರದ ಸರದಿಗೆ ಒಂದು ಕೀರ್ತನೆಯ ಮಾತು ತೆಗೆದುಕೊಂಡಳು: ಗರ್ಭಫಲವು ದೇವರು ಕೊಡುವ ಬಹುಮಾನ. "ಕೇಳಿಸ್ಕೊಂಡ್ರಾ? ಬಹುಮಾನವಂತೆ. ನಮ್ಮ ಮನೆಗೂ ಒಂದು ಪಾರ್ಸೆಲ್ ಹೊರಟಿದೆ, ದಾರೀಲಿದೆ. ವಿಳಾಸ ಸರಿಯಾಗಿದೆ, ನಾನೇ ನೋಡಿದೀನಿ. ಬಂದ ತಕ್ಷಣ ನಿಮಗೆಲ್ಲ ಹೇಳ್ತೀನಿ" ಅಂತ ಹೇಳಿ, ಮಗಳು ಪಕ್ಕದಲ್ಲಿದ್ದಿದ್ದರೆ ಒಂದೇ ಸಲಕ್ಕೆ ಪಾಸು ಮಾಡುತ್ತಿದ್ದಂಥ ನಗು ನಕ್ಕಳು.

ಬುಧವಾರ ಬೆಳಿಗ್ಗೆ ಮಗಳಿಗೆ ಹೊಟ್ಟೆಯೊಳಗಿನ ಮಿಸುಕಾಟ ನಿಂತ ಹಾಗನ್ನಿಸಿತು. ಅಳಿಯ ಸ್ಕೂಲ್ ವ್ಯಾನಿನಲ್ಲೇ ಕರೆದುಕೊಂಡು ಬಂದ. ಲಾಂಡ್ರಿಗೆ ಸುದ್ದಿ ಬಂದು ಅಕ್ಕ ಒದ್ದೆ ಕೈಯಲ್ಲೇ ಮೇಲೆ ಓಡುವಷ್ಟರಲ್ಲಿ ಸ್ಕ್ಯಾನ್ ಮುಗಿದಿತ್ತು. ಮಗುವಿನ ಎದೆಬಡಿತ ಇರಲಿಲ್ಲ. ಆಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಸತ್ತ ಮಗುವನ್ನು ಹೆರುವುದಕ್ಕೂ ಅಷ್ಟೇ ನೋವು, ಒಂದು ಚೂರೂ ಕಡಿಮೆ ಇಲ್ಲ. ಹೆಣ್ಣು ಮಗು. ಸಾಯಂಕಾಲಕ್ಕೆ ಮೊದಲೇ ಎಲ್ಲ ಮುಗಿದು ಮಗಳು ಇಂಜೆಕ್ಷನ್ನಿನ ಮಂಪರಿನಲ್ಲಿದ್ದಳು. ಹಿರಿಯ ನರ್ಸು ಬಂದು ಮೆಲ್ಲಗೆ ಕೇಳಿದರು: "ತಾಯಿಗೆ ಒಂದ್ಸಲ ತೋರಿಸೋಣ್ವಾ?"

"ಬೇಡ ಸಿಸ್ಟರ್," ಅಂದಳು ಅಕ್ಕ. "ನೋಡಿದ್ರೆ ಜನ್ಮ ಪೂರ್ತಿ ಮರೆಯಲ್ಲ. ನೋಡದೇ ಇದ್ರೆ ಬೇಗ ಮರೀತಾಳೆ."

ಒಳ್ಳೆಯದಕ್ಕೇ ಹೇಳಿದಳು. ಹೆತ್ತ ಕರುಳು ಮಗಳ ನೋವಿನಲ್ಲಿ ಒಂದು ಚೂರಾದರೂ ಕಡಿಮೆಯಾಗಲಿ ಅಂತ ಲೆಕ್ಕ ಹಾಕಿತು. ಆ ಲೆಕ್ಕ ತಪ್ಪು ಅಂತ ಅವಳಿಗೆ ಗೊತ್ತಾಗಲು ತಿಂಗಳುಗಳೇ ಬೇಕಾದವು. ಬೆಳಕಿರುವಾಗಲೇ ಅಕ್ಕ, ಅಳಿಯ, ಪಾಸ್ಟರು ಮೂವರೇ ಹೋಗಿ ಮಗುವನ್ನು ಮಣ್ಣು ಮಾಡಿ ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅಳಿಯ ದಾರಿಯುದ್ದಕ್ಕೂ ಅತ್ತ.

ಗುರುವಾರ ಬೆಳಿಗ್ಗೆ ಅಕ್ಕ ಫ್ಲಾಸ್ಕಿನಲ್ಲಿ ಬಿಸಿನೀರು ತರಲು ಕೆಳಗೆ ಹೋಗಿದ್ದಳು. ವಾರ್ಡಿಗೆ ತಿರುಗಿ ಬಂದರೆ ಒಳಗಿನಿಂದ ಯಾರೋ ಮಾತಾಡುತ್ತಿರುವುದು ಕೇಳಿಸಿತು. ತುಂಬಾ ಪರಿಚಯದ ದನಿ. ಎರಡು ಹೆಜ್ಜೆ ಇಟ್ಟ ಮೇಲೆ ಗೊತ್ತಾಯಿತು, ಅದು ತನ್ನದೇ ದನಿ. ನೆಲ ಒರೆಸುವ ಆಯಾ ದಿನದ ಹಾಗೆ ಫೋನನ್ನು ಕಿಟಕಿಯ ಮೇಲಿಟ್ಟು, ಸದ್ದು ಜೋರು ಮಾಡಿ, ವಾಕ್ಯ ಕೇಳುತ್ತಾ ಒರೆಸುತ್ತಿದ್ದಳು. ಆರು ಗಂಟೆಯಾಗಿತ್ತು. ಪಾಸ್ಟರಮ್ಮನ ಬೆರಳು ತಪ್ಪಿರಲಿಲ್ಲ.

ಪಾಸ್ಟರಮ್ಮನಿಗೆ ಮಗು ಹೋದ ವಿಷಯ ಗೊತ್ತಿರಲಿಲ್ಲವೆ? ಗೊತ್ತಿತ್ತು. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡು, ಇವತ್ತಾದರೂ ಅಕ್ಕನ ಕೆಲಸ ನಿಲ್ಲಬಾರದು, ಅವಳ ಮಾತು ಅವಳಿಗೇ ಬಲ ಕೊಡುತ್ತದೆ ಅಂದುಕೊಂಡು ಒತ್ತಿದ್ದರು. ಒಳಗೆ ಏನಿದೆ ಅಂತ ಅವರು ಯಾವತ್ತೂ ನೋಡಿದವರಲ್ಲ. ಅಕ್ಕನಿಗಂತೂ ಶನಿವಾರ ಏನು ಹೇಳಿದ್ದೆ ಅನ್ನುವುದೇ ನೆನಪಿನಲ್ಲಿರಲಿಲ್ಲ.

"ನಮ್ಮ ಮನೆಗೂ ಒಂದು ಪಾರ್ಸೆಲ್ ಹೊರಟಿದೆ" ಅಂದಿತು ಕಿಟಕಿಯ ಮೇಲಿನ ಫೋನು. "ವಿಳಾಸ ಸರಿಯಾಗಿದೆ, ನಾನೇ ನೋಡಿದೀನಿ." ಆಮೇಲೆ ನಗು. ಅಕ್ಕ ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತೇ ಇದ್ದಳು. ಪಕ್ಕದ ಮಂಚದಲ್ಲಿ ಒಂದು ಹಸುಗೂಸು ಅಳುತ್ತಿತ್ತು. ಮಗಳು ಸೂರು ನೋಡುತ್ತಾ ಮಲಗಿದ್ದಳು, ಎಚ್ಚರವಾಗಿ.

"ಅದನ್ನ ನಿಲ್ಲಿಸಿ," ಅಂದಳು ಮಗಳು. ಕೂಗಲಿಲ್ಲ. ಆಯಾ ಗಾಬರಿಯಾಗಿ ಒದ್ದೆ ಕೈಯಲ್ಲಿ ಫೋನು ತಡವುವಷ್ಟರಲ್ಲಿ "ಹೋಗ್ಬನ್ನಿ, ಕರ್ತ ಜೊತೆಗಿದ್ದಾನೆ" ಕೂಡ ಮುಗಿದಿತ್ತು. ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. ಅಮ್ಮನ ಕಡೆ ತಿರುಗಲಿಲ್ಲ, ಆ ದಿನವೂ ಇಲ್ಲ, ಮಾರನೆಯ ದಿನವೂ ಇಲ್ಲ. ಮನೆಗೆ ಕಳಿಸಿದ ದಿನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಳು. ಅಕ್ಕ ಬಟ್ಟೆಯ ಚೀಲ ಸಮೇತ ಜೊತೆಗೆ ಹೊರಟು ನಿಂತಿದ್ದಳು. ಅಳಿಯ ನೆಲ ನೋಡಿಕೊಂಡು, "ಸ್ವಲ್ಪ ದಿನ ಹೋಗಲಿ ಅತ್ತೆ. ನಾನೇ ಫೋನ್ ಮಾಡ್ತೀನಿ" ಅಂದ.

ಅವನು ಫೋನು ಮಾಡಿದ, ಅವಳು ಮಾಡಲಿಲ್ಲ. ಅಕ್ಕನಿಗೆ ಈ ಲೋಕದಲ್ಲಿ ಬೇಕಾದ್ದು ಇನ್ನೇನೂ ಇರಲಿಲ್ಲ, ಮಗಳ ಬಾಯಿಂದ ಒಂದು ಅಮ್ಮ ಅನ್ನುವ ಮಾತು. ಅದಕ್ಕೆ ಅವಳು ಮಾಡಿದ್ದೇನು ಅಂತೀರಿ? ಮಗಳಿಗೆ ದಿನಾ ಬೆಳಿಗ್ಗೆ ಒಂದು ವಾಕ್ಯ ಕಳಿಸಿದಳು. ಮುರಿದ ಮನಸ್ಸಿನವರಿಗೆ ದೇವರು ಹತ್ತಿರ. ರಾತ್ರಿ ಅಳು ಬಂದರೂ ಬೆಳಿಗ್ಗೆ ಸಂತೋಷ. ಅವಳಿಗೆ ಗೊತ್ತಿದ್ದ ಔಷಧಿ ಅದೊಂದೇ, ಅದೇ ಗಾಯವಾದರೂ ಅದನ್ನೇ ಹಚ್ಚಿದಳು. ಮೊದಮೊದಲು ಅದನ್ನು ಮಗಳು ನೋಡಿದ್ದು ಫೋನಿನಲ್ಲಿ ತಿಳಿಯುತ್ತಿತ್ತು. ಆಮೇಲೆ ಅದೂ ನಿಂತಿತು. ಗಾಯದ ಮೇಲೆ ಬರೆ ಎಳೆಯಬೇಡವೇ ಮಾರಾಯ್ತಿ ಅಂತ ಹೇಳುವವರು ಯಾರೂ ಹತ್ತಿರ ಇರಲಿಲ್ಲ.

ಸಭೆಯವರು ಬಂದರು. ಬರಬೇಕಾದ್ದೇ, ಅಕ್ಕ ಎಲ್ಲರ ಮನೆಗೂ ಹೋದವಳು. ಆದರೆ ಬಂದವರ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ದೇವರ ಚಿತ್ತ ಅಂದರು. ಎಲ್ಲ ಒಳ್ಳೆಯದಕ್ಕೇ ಅಂದರು. ಇನ್ನೊಂದು ಆಗುತ್ತೆ ಬಿಡಿ ಅಂದರು, ತಪ್ಪಿಹೋಗಿದ್ದೇನು ಬಸ್ಸೇ? ಒಬ್ಬಾಕೆ ಅಕ್ಕನ ಕೈಹಿಡಿದು, ದೇವರ ತೋಟಕ್ಕೆ ಒಳ್ಳೊಳ್ಳೆ ಹೂವೇ ಬೇಕಂತೆ ಅಂದಳು. ಅಕ್ಕ ತಲೆ ಅಲ್ಲಾಡಿಸಿ ಕೂತಳು. ಬೇಕರಿಯವನ ಮಗು ಜ್ವರದಲ್ಲಿ ಹೋದಾಗ ಅದೇ ಮಾತನ್ನು ತಾನೇ ಅವನಿಗೆ ಹೇಳಿದ್ದು ಅವಳಿಗೆ ನೆನಪಾಯಿತು. ಆ ಬಡಪಾಯಿ ಅವತ್ತು ಹೂಂ ಅಕ್ಕ ಅಂದಿದ್ದ. ಅದನ್ನು ನುಂಗಲು ಅವನು ಎಷ್ಟು ಕಷ್ಟಪಟ್ಟನೋ ಅಂತ ಈಗ ಹೊಳೆಯಿತು.

ಪಾಸ್ಟರಮ್ಮ ಬಂದು ಬಾಗಿಲಲ್ಲೇ ಅಳಲು ಶುರುಮಾಡಿದರು. "ನನ್ನ ಬೆರಳಿಗೆ ಏನಾಗಿತ್ತೋ ಅಕ್ಕ. ಒಂದ್ಸಲ ಕೇಳಿ ಕಳಿಸಬಾರದಿತ್ತಾ ನಾನು."

"ಬೆರಳು ನಿಮ್ಮದು, ನಾಲಿಗೆ ನಂದು," ಅಂದಳು ಅಕ್ಕ. "ಒಳಗೆ ಬನ್ನಿ, ನಿಂತ್ಕೊಂಡು ಅಳಬೇಡಿ. ಇನ್ನು ಮೇಲೆ ನನ್ನಿಂದ ವಾಕ್ಯ ಬರಲ್ಲ ಅಂತ ಗ್ರೂಪಲ್ಲಿ ಹೇಳಿಬಿಡಿ."

ನಿಲ್ಲಿಸಿಬಿಟ್ಟಳು, ಮಗಳಿಗೆ ಕಳಿಸುವುದನ್ನೂ. ಟೀ ಅಂಗಡಿಯಲ್ಲಿ ಕಾವಲುಗಾರ ಸಿಕ್ಕಿ, "ಏನಕ್ಕ, ನಿಮ್ಮ ನಗು ಕೇಳದೆ ನನಗೆ ನಿದ್ದೇನೇ ಹತ್ತುತ್ತಿಲ್ಲ" ಅಂದರೆ, ಗಂಟಲು ಸರಿಯಿಲ್ಲಪ್ಪ ಅನ್ನುವಳು. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡುತ್ತಿರಲಿಲ್ಲ. ದೇವರ ಮೇಲೆ ಸಿಟ್ಟೇ ಅಂತ ತನ್ನನ್ನೇ ಕೇಳಿಕೊಂಡಳು. ಸಿಟ್ಟಿತ್ತು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಬಾಯಿಯ ಮೇಲಿತ್ತು. ರೋಲರಿನ ಮುಂದೆ ನಿಂತು ದಿನವಿಡೀ ಒಂದು ಮಾತೂ ಆಡದೆ ಬಟ್ಟೆ ಎಳೆದು ಮನೆಗೆ ಹೋಗುವಳು.

ಬಾಯ್ಲರ್ ನೋಡಿಕೊಳ್ಳುವವನು ಒಬ್ಬ ಒರಟ. ಹೆಂಡತಿ ಸತ್ತ ಮೇಲೆ ಸಭೆಗೆ ಹೋಗುವುದು ಬಿಟ್ಟವನು, ಅಕ್ಕ ವಾಕ್ಯ ಹೇಳಿದರೆ ಬೇಕೆಂದೇ ಬೀಡಿ ಹಚ್ಚುವವನು. ಅವನೇ ಒಂದು ದಿನ ಟೀ ಹೊತ್ತಿನಲ್ಲಿ ಅವಳ ಪಕ್ಕ ಬಂದು ಕೂತ. ಮಗಳು ಮಾತಾಡುತ್ತಿಲ್ಲ ಅನ್ನುವ ವಿಷಯ ಲಾಂಡ್ರಿಯಲ್ಲೆಲ್ಲ ಹರಡಿತ್ತು.

"ನೀವು ಹೋಗಿ ಬಂದ್ರಾ ಅವಳ ಮನೆಗೆ?"

"ಹೋಗಿ ಏನು ಹೇಳಲಿ? ಹೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ."

"ನಿಮ್ಮ ಬೈಬಲಲ್ಲಿ ಆ ಯೋಬ ಇದ್ದಾನಲ್ಲ," ಅಂದ ಅವನು. "ಮಕ್ಕಳು, ದನಕರು ಎಲ್ಲ ಹೋಗಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನು. ನನ್ನ ಹೆಂಡತಿ ಹೋದಾಗ ನಾನು ಓದಿದ್ದು ಅದೊಂದೇ. ಅವನ ಸ್ನೇಹಿತರು ಬಂದ್ರಲ್ಲ, ಮೊದಲು ಒಂದು ವಾರ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತ್ರು. ಆಮೇಲೆ ಬಾಯಿ ಬಿಟ್ರು, ಕೆಟ್ರು. ಸುಮ್ನೆ ಕೂತಿದ್ದಷ್ಟೇ ಅವರು ಮಾಡಿದ ಒಳ್ಳೆ ಕೆಲಸ. ನೀವು ಹೇಳೋಕೆ ಹೋಗ್ಬೇಡಿ, ಕೂರೋಕೆ ಹೋಗಿ." ಅಷ್ಟು ಹೇಳಿ, ಇಷ್ಟು ಮಾತಾಡಿದ್ದಕ್ಕೆ ತನಗೇ ಬೇಜಾರಾದವನಂತೆ ಎದ್ದು ಹೋದ.

ಭಾನುವಾರ ಆರಾಧನೆ ಮುಗಿಸಿ ಅಕ್ಕ ಬಸ್ಸು ಹತ್ತಿದಳು. ಮಗಳ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡು ಕೋಣೆ, ಕಡಿದಾದ ಮೆಟ್ಟಿಲು. ಅಳಿಯ ಬಾಗಿಲು ತೆರೆದು ಏನು ಹೇಳಬೇಕೋ ತಿಳಿಯದೆ ಪಕ್ಕಕ್ಕೆ ಸರಿದ. ಮಗಳು ಒಳಗಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಸೊರಗಿ ಅರ್ಧವಾಗಿದ್ದಳು, ತಲೆ ಬಾಚಿರಲಿಲ್ಲ. ಅಮ್ಮನನ್ನು ನೋಡಿ ಮುಖ ತಿರುಗಿಸಿದಳು. ಎದ್ದು ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅಕ್ಕ ಎದುರಿನ ಗೋಡೆಯ ಹತ್ತಿರ ನೆಲದ ಮೇಲೆ ಕೂತಳು.

ಮಾತಾಡದೆ ಕೂರುವುದು ಅವಳಿಗೆ ಎಷ್ಟು ಕಷ್ಟವಾಯಿತು ಅಂತ ಹೇಳಿ ಮುಗಿಯುವುದಿಲ್ಲ. ಬಿಕ್ಕಳಿಕೆಯ ಹಾಗೆ ಒಂದಾದ ಮೇಲೊಂದು ವಾಕ್ಯ ಗಂಟಲಿಗೆ ಬರುವುದು, ಅವಳು ನುಂಗುವುದು. ಮಗಳ ಕಣ್ಣಲ್ಲಿ ನೀರು ಇಳಿದಾಗಂತೂ ನಾಲಿಗೆ ಕಚ್ಚಿ ಹಿಡಿದಳು. ಸಂಜೆಯಾದಾಗ ಎದ್ದು, ಮಗಳ ತಲೆಯ ಮೇಲೆ ಕೈಯಿಡಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡು, ಬಸ್ಸು ಹಿಡಿದು ಬಂದಳು. ಮುಂದಿನ ಭಾನುವಾರ ಮತ್ತೆ ಹೋದಳು. ಅದರ ಮುಂದಿನದೂ. ಬಸ್ ಕಂಡಕ್ಟರನಿಗೆ ಅವಳ ಮುಖ ಪರಿಚಯವಾಯಿತು, ಮಗಳಿಗೆ ಮಾತ್ರ ಅಮ್ಮನ ಮುಖ ಕಾಣಿಸದು. ಅಳಿಯ ಟೀ ತಂದುಕೊಟ್ಟು, ಮೆಟ್ಟಿಲ ತನಕ ಬಿಡಲು ಬಂದವನು, "ಅತ್ತೆ, ನೀವು ಮಾತಾಡಿದಾಗ ನಾನು ಯಾವತ್ತೂ ಹೆದರಿದವನಲ್ಲ. ಈಗ ಹೆದರಿಕೆ ಆಗ್ತಿದೆ" ಅಂದ. ಅವಳಿಗೆ ನಗು ಬಂದು, ಅದರ ಹಿಂದೆಯೇ ಅಳು ಬಂದು, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ.

ಹೀಗೇ ಎಷ್ಟೋ ಭಾನುವಾರ ಕಳೆದವು. ಇದರಿಂದ ಏನೂ ಆಗದು, ಸುಮ್ಮನೆ ಅವಳನ್ನು ಕಾಡುತ್ತಿದ್ದೇನೆ ಅಂತ ಅಕ್ಕ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಇನ್ನೊಂದು ವಾರ ನೋಡಿ ಬಿಟ್ಟುಬಿಡುತ್ತೇನೆ ಅಂದುಕೊಂಡು ಹೋದ ದಿನ ಅಳಿಯ ಕೆಳಗೆ ವ್ಯಾನು ತೊಳೆಯುತ್ತಿದ್ದ. ಮೇಲೆ ಇಬ್ಬರೇ. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು.

"ನೀನು ನೋಡಿದ್ಯಲ್ಲ," ಅಂದಳು ಮಗಳು.

ಅಕ್ಕನಿಗೆ ಮೊದಲು ಅದು ತನಗೆ ಹೇಳಿದ್ದು ಅಂತಲೇ ಗೊತ್ತಾಗಲಿಲ್ಲ.

"ಅವಳನ್ನ. ನೀನು ನೋಡಿದ್ಯಲ್ಲ." ಮಗಳು ಇನ್ನೂ ಕಿಟಕಿಯ ಕಡೆಯೇ ನೋಡುತ್ತಿದ್ದಳು. "ನನಗೆ ತೋರಿಸ್ಬೇಡಿ ಅಂದೋಳು ನೀನೇ ಅಂತೆ. ಸಿಸ್ಟರ್ ಹೇಳಿದ್ರು."

ಅಕ್ಕ ಆ ಕ್ಷಣದಲ್ಲಿ ಎಲ್ಲವನ್ನೂ ಕಂಡಳು. ಇಷ್ಟು ತಿಂಗಳು ಅವಳು ಆ ಗುರುವಾರದ ಬೆಳಗ್ಗೆಯನ್ನೇ ಜಗಿಯುತ್ತಿದ್ದಳು. ಮಗಳು ಜಗಿಯುತ್ತಿದ್ದದ್ದು ಅದರ ಹಿಂದಿನ ಸಾಯಂಕಾಲವನ್ನು. ನಿನ್ನ ಒಳ್ಳೆಯದಕ್ಕೇ ಅಂದೆ ಅನ್ನುವ ಮಾತು ತುಟಿಯವರೆಗೂ ಬಂತು. ಅದನ್ನೂ ನುಂಗಿದಳು.

"ನಾನೇ ಅಂದೆ," ಅಂದಳು. "ತಪ್ಪು ಮಾಡ್ದೆ."

ಕೆಳಗೆ ಬಕೆಟ್ಟಿನ ಸದ್ದು ಕೇಳುತ್ತಿತ್ತು.

"ಬಂದೋರೆಲ್ಲ ಅವಳು ಎಲ್ಲಿಗೆ ಹೋದಳು ಅಂತ ಹೇಳ್ತಾರೆ," ಅಂದಳು ಮಗಳು. "ದೇವರ ಹತ್ರ ಇದ್ದಾಳೆ, ತೋಟದಲ್ಲಿದ್ದಾಳೆ, ಸುಖವಾಗಿದ್ದಾಳೆ. ಹೇಗಿದ್ದಳು ಅಂತ ಒಬ್ಬರೂ ಹೇಳಲ್ಲ. ಇವರನ್ನ ಕೇಳಿದ್ರೆ, ಕಣ್ಣು ತುಂಬಿತ್ತು, ಏನೂ ಸರಿಯಾಗಿ ಕಾಣಿಸ್ಲಿಲ್ಲ ಅಂತಾರೆ. ಒಂಬತ್ತು ತಿಂಗಳು ಹೊತ್ತಿದ್ದೀನಿ ಅಮ್ಮ. ಕನಸಲ್ಲಿ ಬಂದ್ರೆ ಅವಳಿಗೆ ಮುಖಾನೇ ಇರಲ್ಲ."

ಅಮ್ಮ ಅಂದಿದ್ದಳು. ಅದನ್ನು ಕೇಳಿ ಸಂತೋಷಪಡಲು ಅಕ್ಕನಿಗೆ ಪುರುಸೊತ್ತಾಗಲಿಲ್ಲ. ನೆಲದ ಮೇಲೆಯೇ ಜರುಗಿ ಮಗಳ ಹತ್ತಿರ ಬಂದಳು. ಮಾತು ಶುರುಮಾಡುವ ಮೊದಲು ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಏನೂ ಸೇರಿಸಬಾರದು, ಏನೂ ಬಿಡಬಾರದು.

"ಕೂದಲು ತುಂಬ ಇತ್ತು," ಅಂದಳು. "ಕಪ್ಪಗೆ, ದಟ್ಟವಾಗಿ. ಸ್ನಾನ ಬೇಕಾಗಿಲ್ಲ ಅಂದ್ರು ಅವರು. ನನಗೆ ಮನಸ್ಸು ಒಪ್ಪಲಿಲ್ಲ. ಬೆಚ್ಚಗಿನ ನೀರಲ್ಲಿ ನಾನೇ ಸ್ನಾನ ಮಾಡಿಸ್ದೆ. ಒರೆಸಿದ ಮೇಲೆ ಹಿಂದುಗಡೆ, ಇಲ್ಲಿ ಕತ್ತಿನ ಹತ್ರ, ಕೂದಲು ಸುರುಳಿ ಸುರುಳಿ ಆಯ್ತು. ನೀನು ಚಿಕ್ಕೋಳಿದ್ದಾಗಲೂ ಹಂಗೇ ಆಗ್ತಿತ್ತು."

ಮಗಳು ತಿರುಗಿ ಅಮ್ಮನ ಬಾಯನ್ನೇ ನೋಡುತ್ತಿದ್ದಳು.

"ಎಡಗಿವಿ ಮೇಲ್ಗಡೆ ಸ್ವಲ್ಪ ಮಡಿಚಿತ್ತು, ಬಲಗಿವಿ ಸರಿ ಇತ್ತು. ಗಲ್ಲ ನಿನ್ನ ಗಂಡಂದು, ಗುಂಡಗೆ. ಮೂಗು ಯಾರದೂ ಅಲ್ಲ, ಅವಳದೇ. ಉಗುರು ಉದ್ದಕ್ಕೆ ಬೆಳೆದಿತ್ತು, ಕತ್ತರಿಸ್ಬೇಕು ಅನ್ನೋ ಹಂಗೆ. ಕಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿತ್ತು."

"ತೂಕ ಇದ್ದಳಾ?"

"ಇದ್ದಳು. ಕೈ ತುಂಬ ಇದ್ದಳು. ನನ್ನ ತೋಳಲ್ಲಿ ಸರಿಯಾಗಿ ಕೂತ್ಕೊಂಡ್ಳು."

"ಕಣ್ಣು?"

"ಮುಚ್ಚಿತ್ತು. ರೆಪ್ಪೆ ಕೂದಲು ಉದ್ದ ಇತ್ತು. ಹುಬ್ಬು ಇನ್ನೂ ಸಣ್ಣ ಗೆರೆ. ತುಟಿ ಸ್ವಲ್ಪ ಕಪ್ಪಾಗಿತ್ತು, ಅದೊಂದು ಸುಳ್ಳು ಹೇಳಲ್ಲ. ಲಾಂಡ್ರೀಲಿ ನಡುಮಧ್ಯ ಸವೆದ ಹಾಸುಬಟ್ಟೆ ಅಂಚಲ್ಲಿ ಇನ್ನೂ ಚೆನ್ನಾಗಿ, ಮೆತ್ತಗಿರುತ್ತೆ, ಅದನ್ನ ಕತ್ತರಿಸಿ ನಾನೇ ಹೊಲಿದಿಟ್ಟಿದ್ದೆ ಅವಳಿಗೆ ಅಂತ. ಅದರಲ್ಲೇ ಸುತ್ತಿದ್ದು. ಬಿಗಿಯಾಗಿ ಸುತ್ತಲಿಲ್ಲ. ಮಣ್ಣಿಗೆ ಇಡೋ ತನಕ ಬೇರೆ ಯಾರ ಕೈಗೂ ಕೊಡಲಿಲ್ಲ, ನಾನೇ ಎತ್ಕೊಂಡಿದ್ದೆ." ಅಕ್ಕ ತನ್ನ ಖಾಲಿ ತೋಳನ್ನು ನೋಡಿಕೊಂಡಳು. "ಎಲ್ಲ ಇತ್ತು ಮಗಳೇ. ಒಂದೂ ಕಮ್ಮಿ ಇರಲಿಲ್ಲ. ಅಳಲಿಲ್ಲ, ಅಷ್ಟೇ."

ಮಗಳು ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಅಮ್ಮನ ಸೀರೆ ಹಿಡಿದುಕೊಂಡು ಮಡಿಲಲ್ಲಿ ಮುಖವಿಟ್ಟಳು. ಆಸ್ಪತ್ರೆಯಲ್ಲಿ, ಮನೆಯಲ್ಲಿ ದನಿ ಕೇಳಿಸದ ಹಾಗೆ ಇಟ್ಟುಕೊಂಡಿದ್ದ ಅಳು ಅಷ್ಟೂ ಈಗ ದನಿ ತೆಗೆದು ಬಂತು. ಕೆಳಗೆ ವ್ಯಾನು ತೊಳೆಯುವ ಸದ್ದು ನಿಂತಿತು. ಅಕ್ಕ ಸುಮ್ಮನಿರು ಅನ್ನಲಿಲ್ಲ. ತಾನೂ ಅಳುತ್ತಾ, ಸಿಕ್ಕುಗಟ್ಟಿದ ಆ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಬಿಸಿಲು ನೆಲದಿಂದ ಗೋಡೆಗೆ ಹತ್ತುವಷ್ಟು ಹೊತ್ತಾದ ಮೇಲೆ ಮಗಳು ಮಡಿಲಿನಿಂದ ಮುಖ ಎತ್ತದೆಯೇ ಹೇಳಿದಳು: "ಇನ್ನೊಂದ್ಸಲ ಹೇಳಮ್ಮ. ಮೊದಲಿಂದ."

ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಕೂದಲಿನಿಂದ ಶುರುಮಾಡಿದಳು.